ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದಿದೆ, ಮಗುವಿಗೆ ಬರದ ಹಾಗೆ ಎಂತ ಮಾಡಬೇಕು?

ಸುರತ್ಕಲ್ ಸೊಸೆ

ಎಲ್ಲರಿಗೂ ನಮಸ್ಕಾರ. ನನಗೆ ಐದು ತಿಂಗಳು ತುಂಬಿದೆ, ಚೊಚ್ಚಲು. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ರಿಯಾಕ್ಟಿವ್ ಅಂತ ಬಂದಿದೆ, ಅಂದರೆ ಹೆಪಟೈಟಿಸ್ ಬಿ, ಲಿವರಿಗೆ ತಗಲುವ ವೈರಸ್ ಸೋಂಕು. ಎಚ್‌ಐವಿ ನೆಗೆಟಿವ್, ಉಳಿದದ್ದೆಲ್ಲ ಸರಿ ಇದೆ. ನನಗೆ ಯಾವತ್ತೂ ಕಾಮಾಲೆ ಬಂದದ್ದಿಲ್ಲ, ಈಗಲೂ ಸುಸ್ತು ಬಿಟ್ಟರೆ ಬೇರೆ ತೊಂದರೆ ಇಲ್ಲ. ನಾನು ತೋರಿಸುತ್ತಿದ್ದ ಕ್ಲಿನಿಕ್‌ನಲ್ಲಿ ಕೌಂಟರಿನಲ್ಲಿದ್ದವರು ಎಲ್ಲರಿಗೂ ಕೇಳುವ ಹಾಗೆ "ನಿಮ್ಮದು ಪಾಸಿಟಿವ್, ಹೆರಿಗೆ ಇಲ್ಲಿ ಆಗುವುದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ" ಅಂತ ಹೇಳಿ ಫೈಲ್ ಕೈಗೆ ಕೊಟ್ಟರು. ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ. ಪಕ್ಕದಲ್ಲಿ ಕೂತವರು ಜಾಗ ಬದಲಿಸಿದ್ದು ಕಂಡಾಗ ಅಳು ಬಂತು.

ಗಂಡ ಅಬುಧಾಬಿಯಲ್ಲಿದ್ದಾರೆ. ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಿದರೆ "ಇದು ಎಲ್ಲಿಂದ ಬಂತು" ಅಂತ ಕೇಳುತ್ತಾರೆ, ನನ್ನಲ್ಲಿ ಉತ್ತರ ಇಲ್ಲ. ಹೆರಿಗೆಗೆ ಬ್ರಹ್ಮಾವರದ ತವರು ಮನೆಗೆ ಹೋಗುವುದು ಅಂತ ಮಾತಾಗಿದೆ. ನನಗೆ ಬೇಕಾದದ್ದು ಇಷ್ಟು: ಮಗುವಿಗೆ ಬಂದೇ ಬರುತ್ತದಾ? ಆಪರೇಷನ್ ಮಾಡಿಸಿದರೆ ತಪ್ಪುತ್ತದಾ? ಎದೆಹಾಲು ಕೊಡಬಹುದಾ? ದಯವಿಟ್ಟು ಗೊತ್ತಿದ್ದವರು ಹೇಳಿ, ಹೆದರಿಸಬೇಡಿ.

ಹೆರಿಗೆ ವಾರ್ಡಿನವಳು

ತಂಗಿ, ಮೊದಲು ನಿನ್ನ ಮೂರು ಪ್ರಶ್ನೆಗೆ ಉತ್ತರ. ಬಂದೇ ಬರುವುದಿಲ್ಲ, ತಡೆಯಲಿಕ್ಕೆ ಆಗುತ್ತದೆ. ಇದೊಂದೇ ಕಾರಣಕ್ಕೆ ಆಪರೇಷನ್ ಬೇಡ, ಬೇರೆ ಕಾರಣ ಇದ್ದರೆ ಡಾಕ್ಟರ್ ಹೇಳುತ್ತಾರೆ. ಎದೆಹಾಲು ಧಾರಾಳವಾಗಿ ಕೊಡು.

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ, ಮಂಗಳೂರಿನಲ್ಲಿಯೇ. ಈ ಸೋಂಕು ಹೊಟ್ಟೆಯಲ್ಲಿರುವಾಗ ದಾಟುವುದು ಕಡಿಮೆ. ಜಾಸ್ತಿ ದಾಟುವುದು ಹೆರಿಗೆಯ ಹೊತ್ತಿನಲ್ಲಿ, ತಾಯಿಯ ರಕ್ತ ಮತ್ತು ದ್ರವ ಮಗುವಿಗೆ ತಾಗುವಾಗ. ಹಾಗಾಗಿ ಹುಟ್ಟಿದ ಮೇಲಿನ ಮೊದಲ ಕೆಲವು ಗಂಟೆ ನಮಗೆ ಸಿಗುವ ಅವಕಾಶ. ಮಗುವಿಗೆ ಎರಡು ಇಂಜೆಕ್ಷನ್ ಹೋಗಬೇಕು. ಒಂದು ಹೆಪಟೈಟಿಸ್ ಬಿ ಲಸಿಕೆಯ ಹುಟ್ಟಿದ ದಿನದ ಡೋಸ್. ಇದು ಎಲ್ಲಾ ಮಕ್ಕಳಿಗೂ ಕೊಡುವಂಥದ್ದೇ, 24 ಗಂಟೆಯೊಳಗೆ. ನಿನ್ನ ಮಗುವಿಗೆ 24 ಗಂಟೆ ಕಾಯುವ ಮಾತೇ ಬೇಡ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ. ಇನ್ನೊಂದು ಎಚ್‌ಬಿಐಜಿ, ಅಂದರೆ ಇಮ್ಯುನೊಗ್ಲೋಬ್ಯುಲಿನ್, ಈ ವೈರಸ್ ವಿರುದ್ಧ ಸಿದ್ಧವಾಗಿರುವ ಪ್ರತಿಕಾಯ. ಅದು 12 ಗಂಟೆಯೊಳಗೆ ಹೋಗಬೇಕು. ಲಸಿಕೆ ಮಗುವಿನ ಮೈಯಲ್ಲಿ ರಕ್ಷಣೆ ಬೆಳೆಸಲು ಸಮಯ ತೆಗೆದುಕೊಳ್ಳುತ್ತದೆ, ಅಷ್ಟು ದಿನ ಮಗುವನ್ನು ಕಾಪಾಡುವುದು ಈ ಎಚ್‌ಬಿಐಜಿ. ಒಂದು ತೊಡೆಗೆ ಒಂದು, ಇನ್ನೊಂದು ತೊಡೆಗೆ ಇನ್ನೊಂದು. ಸೂಜಿ ಹಾಕುವ ಮೊದಲು ಮಗುವಿನ ಮೈ ಮೇಲಿನ ರಕ್ತವನ್ನು ಚೆನ್ನಾಗಿ ಒರೆಸುತ್ತೇವೆ.

ಈಗ ಎಲ್ಲಿ ಎಡವುತ್ತಾರೆ ಅಂತ ಹೇಳುತ್ತೇನೆ, ಇದನ್ನು ಸ್ವಲ್ಪ ಗಮನ ಇಟ್ಟು ಓದು. ಕೆಲವು ಕಡೆ ಬಿಸಿಜಿ ಲಸಿಕೆಗೆ ವಾರದಲ್ಲಿ ಇಂತಿಂಥ ದಿನ ಅಂತ ಇರುತ್ತದೆ, ಯಾಕೆಂದರೆ ಬಿಸಿಜಿ ಬಾಟಲಿ ಒಮ್ಮೆ ಕಲಸಿದರೆ 4 ಗಂಟೆ ಕಳೆದ ಮೇಲೆ ಬಿಸಾಡಬೇಕು, ಹಾಗಾಗಿ ನಾಲ್ಕೈದು ಮಕ್ಕಳು ಸೇರುವ ತನಕ ಕಾಯುತ್ತಾರೆ. ಆಗ ಹೆಪಟೈಟಿಸ್ ಬಿ ಲಸಿಕೆಯನ್ನೂ "ಎಲ್ಲಾ ಒಟ್ಟಿಗೆ ನಾಡಿದ್ದು ಹಾಕುವ" ಅಂತ ತಳ್ಳಿಬಿಡುವುದುಂಟು. ಹಾಗೆ ಆಗಲು ಬಿಡಬೇಡ. ಸರಕಾರಿ ಪೂರೈಕೆಯ ಹೆಪಟೈಟಿಸ್ ಬಿ ಬಾಟಲಿ ತೆರೆದರೆ ಫ್ರಿಜ್ಜಿನಲ್ಲಿ ಸರಿಯಾಗಿ ಇಟ್ಟು 28 ದಿನದವರೆಗೆ ಬಳಸಬಹುದು. ಅದಕ್ಕೆ ಕಾಯುವ ಅಗತ್ಯವೇ ಇಲ್ಲ. ಭಾನುವಾರವಾಗಲಿ, ರಾತ್ರಿ ಎರಡು ಗಂಟೆಯಾಗಲಿ, ಕೇಳಿ ಹಾಕಿಸಿಕೊಳ್ಳಬೇಕು. ನೀನು ಹೆರಿಗೆ ನೋವಲ್ಲಿ, ಸುಸ್ತಲ್ಲಿ ಇರುತ್ತಿ, ಆದ್ದರಿಂದ ಜೊತೆಗೆ ಬರುವವರಲ್ಲಿ ಒಬ್ಬರಿಗಾದರೂ ಈ ವಿಷಯ ಗೊತ್ತಿರಬೇಕು. ತಾಯಿ ಕಾರ್ಡಿನಲ್ಲಿ ರಿಸಲ್ಟ್ ಬರೆಸಿಕೋ, ಲೇಬರ್ ರೂಮಿಗೆ ಕಾಲಿಡುವಾಗಲೇ ಬಾಯಿಬಿಟ್ಟು ಹೇಳು.

ಬಡಗುಪೇಟೆ

ನಮ್ಮ ಅಜ್ಜಿ ಮನೆ ಕಡೆ ಒಬ್ಬರು ಜಾಂಡೀಸ್‌ಗೆ ನಾಟಿ ಮದ್ದು ಕೊಡುತ್ತಾರೆ. ನೆಲನೆಲ್ಲಿ ಹಾಕಿ ಅರೆದು ಕೊಡುವುದು, ಮೂರು ದಿನ ಬೆಳಗ್ಗೆ ಖಾಲಿ ಹೊಟ್ಟೆಗೆ, ಜೊತೆಗೆ ಪಥ್ಯ. ಎಷ್ಟೋ ಜನರಿಗೆ ಗುಣ ಆಗಿದೆ. ಬಸುರಿಯರಿಗೂ ಕೊಡುತ್ತಾರೆ. ಇಂಗ್ಲಿಷ್ ಮದ್ದಿನ ಮೊದಲು ಅದೊಂದು ನೋಡಬಹುದಲ್ವಾ?

ಲಿವರ್ ವಿಭಾಗ

ಬಡಗುಪೇಟೆಯವರೇ, ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೆ ಇಲ್ಲಿ ಅದು ಬೇಡ. ನಾನು ಲಿವರ್ ಕಾಯಿಲೆ ನೋಡುವ ವೈದ್ಯ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬರುವ ಕಾಮಾಲೆ ಜಾಸ್ತಿಯಾಗಿ ಹೆಪಟೈಟಿಸ್ ಎ, ಕೆಟ್ಟ ನೀರು ಮತ್ತು ಆಹಾರದಿಂದ. ಅದು ಹೆಚ್ಚಿನವರಿಗೆ ಮದ್ದು ಕೊಟ್ಟರೂ ಕೊಡದಿದ್ದರೂ ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ನಾಟಿ ಮದ್ದಿಗೆ ಹೆಸರು ಬಂದದ್ದು ಹಾಗೆ. ಹೆಪಟೈಟಿಸ್ ಬಿ ಬೇರೆಯೇ ವೈರಸ್, ರಕ್ತದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂರುವಂಥದ್ದು. ಪ್ರಶ್ನೆ ಕೇಳಿದವರಿಗೆ ಕಾಮಾಲೆ ಇಲ್ಲವೇ ಇಲ್ಲ. ಗರ್ಭಿಣಿಯ ಲಿವರಿನ ಮೇಲೆ ಏನು ಹಾಕಿದ್ದಾರೆಂದು ತಿಳಿಯದ ಕಷಾಯ ಹೇರುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಮದ್ದಿನಿಂದ ಲಿವರ್ ಕೆಟ್ಟು ಬಂದವರನ್ನು ನಾವು ನೋಡುತ್ತೇವೆ.

ಈಗ ಸುರತ್ಕಲ್‌ನವರಿಗೆ. ನರ್ಸಮ್ಮ ಹೇಳಿದ್ದು ಅಕ್ಷರಶಃ ಸರಿ. ಆದರೆ ಅದಕ್ಕೆ ಮೊದಲು, ಈಗಲೇ ಆಗಬೇಕಾದ ಕೆಲಸ ಉಂಟು. ರಿಯಾಕ್ಟಿವ್ ಅಂತ ಬಂದದ್ದು ಮೊದಲ ಮೆಟ್ಟಿಲು ಅಷ್ಟೇ. ನಿಮ್ಮ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡಬೇಕು. ಅದಕ್ಕೆ ಎಚ್‌ಬಿವಿ ಡಿಎನ್‌ಎ ಪರೀಕ್ಷೆ, ಜನ ವೈರಲ್ ಲೋಡ್ ಅನ್ನುತ್ತಾರೆ. ಅದರ ಜೊತೆ ಎಚ್‌ಬಿಇಎಜಿ (ವೈರಸ್ ಜೋರಾಗಿ ಬೆಳೆಯುತ್ತಿದೆಯಾ ಅಂತ ತೋರಿಸುವುದು), ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾಗಿದೆಯಾ ಅಂತ ತೋರಿಸುವುದು), ಪ್ಲೇಟ್‌ಲೆಟ್. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಎಚ್‌ಬಿಇಎಜಿ ಪಾಸಿಟಿವ್ ಇರುವ ತಾಯಿಯಲ್ಲಿ ವೈರಸ್ ಬಹಳ ಇರುತ್ತದೆ, ಏನೂ ಮಾಡದೆ ಬಿಟ್ಟರೆ ನೂರರಲ್ಲಿ 70ರಿಂದ 90 ಮಕ್ಕಳಿಗೆ ಸೋಂಕು ತಗಲುತ್ತದೆ. ಅದು ನೆಗೆಟಿವ್ ಇದ್ದರೆ ಅಪಾಯ ತುಂಬ ಕಡಿಮೆ, ಆದರೂ ಇಲ್ಲವೆಂದಲ್ಲ. ಹುಟ್ಟುವಾಗ ಸೋಂಕು ತಗಲಿದ ಮಕ್ಕಳಲ್ಲಿ ನೂರಕ್ಕೆ 90ರಷ್ಟು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ನೂರಕ್ಕೆ 5 ಜನರಲ್ಲೂ ಹಾಗೆ ಉಳಿಯುವುದಿಲ್ಲ, ಮೈ ತಾನೇ ಓಡಿಸುತ್ತದೆ. ಮಗುವಿನ ವಿಷಯದಲ್ಲಿ ನಾವು ಇಷ್ಟು ಅವಸರ ಮಾಡುವುದು ಇದಕ್ಕೇ. ಇವತ್ತು ತಡೆದರೆ ನಲವತ್ತು ವರ್ಷದ ನಂತರದ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು), ಲಿವರ್ ಕ್ಯಾನ್ಸರ್ ತಡೆದ ಹಾಗೆ.

ವೈರಲ್ ಲೋಡ್ ಒಂದು ಮಿಲಿಲೀಟರಿಗೆ 2 ಲಕ್ಷ ಐಯುಗಿಂತ (ರಿಪೋರ್ಟಿನಲ್ಲಿ ಬರುವ ಅಳತೆ) ಜಾಸ್ತಿ ಇದ್ದರೆ ಮಗುವಿಗೆ ಹಾಕುವ ಎರಡು ಇಂಜೆಕ್ಷನ್ ಮಾತ್ರ ಸಾಕಾಗುವುದಿಲ್ಲ. ಲಸಿಕೆ ಹಾಕಿಯೂ ಸೋಂಕು ತಗಲಿದ ಮಕ್ಕಳು ಹೆಚ್ಚಾಗಿ ಇಂಥ ತಾಯಂದಿರದ್ದೇ. ಅವರಿಗೆ ಸಾಮಾನ್ಯವಾಗಿ 28ನೇ ವಾರದಿಂದ ಟೆನೊಫೊವಿರ್ ಮಾತ್ರೆ ಶುರು ಮಾಡುತ್ತೇವೆ, 300 ಮಿಲಿಗ್ರಾಂ, ದಿನಕ್ಕೆ ಒಂದು. ಹೆರಿಗೆಯ ಹೊತ್ತಿಗೆ ವೈರಸ್ ಕೆಳಗಿಳಿದಿರಬೇಕು, ಅದಕ್ಕೆ ವಾರಗಳು ಬೇಕು, ಕೊನೆ ಘಳಿಗೆಯಲ್ಲಿ ಕೊಟ್ಟು ಪ್ರಯೋಜನ ಇಲ್ಲ. ಚೀನಾದಲ್ಲಿ ವೈರಸ್ ಜಾಸ್ತಿ ಇದ್ದ 200 ಗರ್ಭಿಣಿಯರನ್ನು ಸೇರಿಸಿ ಮಾಡಿದ ಅಧ್ಯಯನ 2016ರಲ್ಲಿ ಬಂತು. ಎಲ್ಲ ಮಕ್ಕಳಿಗೂ ಇಂಜೆಕ್ಷನ್ ಹಾಕಿದ್ದರು. ಮಾತ್ರೆಯನ್ನು ಕೊನೆವರೆಗೆ ಸರಿಯಾಗಿ ತೆಗೆದುಕೊಂಡ ತಾಯಂದಿರ ಒಂದು ಮಗುವಿಗೂ ಸೋಂಕು ಬರಲಿಲ್ಲ, ಮಾತ್ರೆ ಇಲ್ಲದವರಲ್ಲಿ ನೂರಕ್ಕೆ 7 ಮಕ್ಕಳಿಗೆ ಬಂತು. ನಿಮಗೆ ಈಗ ಐದು ತಿಂಗಳು ತುಂಬಿದೆ, ಅಂದರೆ ಸಮಯ ಇದೆ, ಆದರೆ ಸುಮ್ನೆ ಕಳೆಯುವಷ್ಟು ಇಲ್ಲ. ಈ ವಾರವೇ ರಕ್ತ ಕೊಡಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಪರೀಕ್ಷೆ, ಮಾತ್ರೆ ಉಚಿತ. ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆ, ಉಡುಪಿಯಲ್ಲಿ ಜಿಲ್ಲಾ ಆಸ್ಪತ್ರೆ, ಅಲ್ಲಿ ವಿಚಾರಿಸಿ. ಮಾತ್ರೆ ಶುರು ಮಾಡುವ ಮೊದಲು ಎಚ್‌ಐವಿ ರಿಪೋರ್ಟ್ ನೋಡುವುದು ಕಡ್ಡಾಯ, ನಿಮ್ಮದು ಆಗಿದೆ, ಆ ಕಾಗದ ಜೋಪಾನ.

ಕುಂದಾಪುರದಿಂದ

ಡಾಕ್ಟ್ರು, ನರ್ಸಕ್ಕ ಹೇಳಿದ ಮೇಲೆ ನಾನು ವೈದ್ಯಕೀಯ ಮಾತಾಡುವುದಿಲ್ಲ. ನಾನು ಇದೇ ರಿಪೋರ್ಟ್ ಹಿಡಿದುಕೊಂಡು ಹೆತ್ತವಳು, ನನ್ನ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ, ಅವಳ ರಕ್ತ ನೆಗೆಟಿವ್.

ಮನೆಯ ಮಾತು ಹೇಳುತ್ತೇನೆ. "ಎಲ್ಲಿಂದ ಬಂತು" ಅನ್ನುವ ಪ್ರಶ್ನೆ ಇದೆಯಲ್ಲ, ಅದೇ ನಮ್ಮನ್ನು ಕೊಲ್ಲುವುದು. ಮೈಯೆಲ್ಲ ಅವಮಾನ ಆದ ಹಾಗೆ. ಆದರೆ ಯೋಚಿಸಿ ನೋಡಿ, ನಮ್ಮ ದೇಶದಲ್ಲಿ ಈ ಲಸಿಕೆಯನ್ನು ಸರಕಾರಿ ಕಾರ್ಯಕ್ರಮದಲ್ಲಿ ಕೆಲವು ಕಡೆ ಶುರು ಮಾಡಿದ್ದೇ 2002ರಲ್ಲಿ, ಇಡೀ ದೇಶಕ್ಕೆ ಬಂದದ್ದು 2011ರಲ್ಲಿ. ನಾವು ಹುಟ್ಟುವಾಗ ನಮಗೆ ಯಾರು ಹಾಕಿದ್ದಾರೆ? ನಮ್ಮ ಅಮ್ಮಂದಿರನ್ನು ಬಸುರಿಯಲ್ಲಿ ಇದಕ್ಕೆ ಯಾರು ಪರೀಕ್ಷೆ ಮಾಡಿದ್ದರು? ನನಗೆ ನನ್ನ ಅಮ್ಮನಿಂದಲೇ ಬಂದದ್ದು, ನನ್ನ ರಿಪೋರ್ಟ್ ಬಂದ ಮೇಲೆ ಮನೆಯವರಿಗೆಲ್ಲ ಪರೀಕ್ಷೆ ಮಾಡಿಸಿದಾಗ ಅಮ್ಮನದ್ದೂ ಪಾಸಿಟಿವ್, ಅಣ್ಣನದ್ದೂ ಪಾಸಿಟಿವ್. ಅಮ್ಮನಿಗೆ ಅರವತ್ತು ದಾಟಿತ್ತು, ಒಂದು ದಿನವೂ ಗೊತ್ತಾಗಿರಲಿಲ್ಲ. ಅಮ್ಮ ತುಂಬ ಅತ್ತರು, "ನಾನು ಕೊಟ್ಟೆನಾ ಮಗಾ" ಅಂತ. ಯಾರೂ ಯಾರಿಗೂ ಬೇಕೆಂದು ಕೊಟ್ಟದ್ದಲ್ಲ. ಅವರಿಗೆ ತಡೆಯುವ ದಾರಿ ಇರಲಿಲ್ಲ, ನಮಗೆ ಉಂಟು. ಅತ್ತೆ ಎದುರು ಹೀಗೆಯೇ ಹೇಳಿ. ಒಬ್ಬರೇ ಹೇಳುವುದು ಕಷ್ಟವಾದರೆ ಡಾಕ್ಟರ ಎದುರು ಕೂರಿಸಿ ಅವರ ಬಾಯಿಂದಲೇ ಹೇಳಿಸಿ, ನಾನು ಹಾಗೆ ಮಾಡಿದ್ದು, ಅತ್ತೆ ಆಮೇಲೆ ಒಂದು ಮಾತು ಆಡಲಿಲ್ಲ.

ಇನ್ನೊಂದು ವಿಷಯ, ಇದು ಯಾರೂ ಮೊದಲೇ ಹೇಳುವುದಿಲ್ಲ. ಟೆನೊಫೊವಿರ್ ಮಾತ್ರೆಯ ಡಬ್ಬಿಯ ಹೆಸರು ಗೂಗಲ್‌ಗೆ ಹಾಕಿದರೆ ಎಚ್‌ಐವಿ ಮದ್ದು ಅಂತ ಬರುತ್ತದೆ. ನನ್ನ ನಾದಿನಿ ಹಾಗೆಯೇ ಹುಡುಕಿ, ಮನೆಯಲ್ಲಿ ದೊಡ್ಡ ರಾದ್ಧಾಂತ ಆಯಿತು. ಆ ಮಾತ್ರೆ ಎರಡಕ್ಕೂ ಬಳಸುವುದು, ಹೆಪಟೈಟಿಸ್ ಬಿಗೆ ಅದೊಂದೇ ಸಾಕು, ಎಚ್‌ಐವಿಗೆ ಬೇರೆ ಮದ್ದುಗಳ ಜೊತೆ ಸೇರಿಸಿ ಕೊಡುತ್ತಾರೆ. ಮಾತ್ರೆ ಮನೆಗೆ ತರುವ ಮೊದಲೇ ಗಂಡನಿಗೆ ಫೋನಿನಲ್ಲಿ ಈ ಮಾತು ಹೇಳಿಬಿಡಿ.

ಗಂಡನ ವಿಷಯ. ಗಲ್ಫಿಗೆ ಹೋಗುವ ಹಲವರಿಗೆ ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ ನೋಡುತ್ತಾರೆ, ಪಾಸಿಟಿವ್ ಇದ್ದರೆ ಅನ್‌ಫಿಟ್ ಅನ್ನುವುದುಂಟು. ಹಾಗಾಗಿ ಅವರು ಹೋಗುವಾಗ ನೆಗೆಟಿವ್ ಇದ್ದಿರಬಹುದು. ಆದರೆ ಅದು ಹಳೆ ಮಾತು. ರಜೆಯಲ್ಲಿ ಬಂದಾಗ ಇನ್ನೊಮ್ಮೆ ನೋಡಿಸಿ, ನೆಗೆಟಿವ್ ಇದ್ದರೆ ಲಸಿಕೆ ಹಾಕಿಸಿ. ದೊಡ್ಡವರಿಗೆ ಮೂರು ಡೋಸ್: ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ಅತ್ತೆಗೂ, ಮಾವನಿಗೂ ಹಾಗೆಯೇ. ಒಟ್ಟಿಗೆ ಊಟ ಮಾಡುವುದು, ಒಂದೇ ಲೋಟ, ಮಗುವಿಗೆ ಮುತ್ತು ಕೊಡುವುದು, ಇದರಿಂದ ಬರುವುದಿಲ್ಲ. ಬ್ಲೇಡ್, ಹಲ್ಲುಜ್ಜುವ ಬ್ರಶ್, ಉಗುರು ಕತ್ತರಿಸುವುದು ಮಾತ್ರ ನಿಮ್ಮದು ನಿಮಗೇ ಇರಲಿ. ತಟ್ಟೆ ಬೇರೆ ಇಡಿ ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ ಮಾರಾಯ್ರೆ, ಒಮ್ಮೆ ಬೇರೆ ಇಟ್ಟರೆ ಮತ್ತೆ ಒಳಗೆ ಬರುವುದಿಲ್ಲ ಆ ತಟ್ಟೆ.

ಮದ್ದಿನಂಗಡಿ, ಉಡುಪಿ

ಎಚ್‌ಬಿಐಜಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ಎಲ್ಲಾ ಅಂಗಡಿಯಲ್ಲಿ ಇರುವುದಿಲ್ಲ. ಬೆಲೆ ಸಾವಿರಗಟ್ಟಲೆ, ಮಾರಾಟ ಅಪರೂಪ, ಅದಕ್ಕೆ ಹೆಚ್ಚಿನವರು ತರಿಸಿ ಇಡುವುದಿಲ್ಲ. ರಾತ್ರಿ ಹೆರಿಗೆ ಆಗಿ ಬೆಳಗ್ಗೆ ಮಗುವಿನ ಅಪ್ಪ ಚೀಟಿ ಹಿಡಿದುಕೊಂಡು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಓಡುವುದನ್ನು ನೋಡಿದ್ದೇನೆ, ನೋಡಲಿಕ್ಕೆ ಸಂಕಟ ಆಗುತ್ತದೆ, ಯಾಕೆಂದರೆ ಆ 12 ಗಂಟೆ ಹೋಗುತ್ತಾ ಇರುತ್ತದೆ. ಮೊದಲು ನೀವು ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲಿ ಕೇಳಿ, ಸ್ಟಾಕ್ ಉಂಟಾ, ಸರಕಾರಿ ಕಾರ್ಯಕ್ರಮದಿಂದ ಸಿಗುತ್ತದಾ ಅಂತ. "ಸಿಗಬಹುದು" ಅನ್ನುವ ಉತ್ತರ ಸಾಲದು. ಹೊರಗಿಂದ ತರಬೇಕು ಅಂತಾದರೆ ಎಂಟು ತಿಂಗಳು ತುಂಬುವಾಗಲೇ ಆರ್ಡರ್ ಹಾಕಿ. ನವಜಾತ ಮಗುವಿಗೆ 100 ಐಯು ಬಾಟಲಿ, ದೊಡ್ಡ ಡೋಸಿನದ್ದೂ ಮಾರುಕಟ್ಟೆಯಲ್ಲಿ ಉಂಟು, ಚೀಟಿ ನೋಡಿಯೇ ತೆಗೆದುಕೊಳ್ಳಿ. 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ಫ್ರೀಜರಿನಲ್ಲಿ ಖಂಡಿತ ಅಲ್ಲ. ಹೆಪ್ಪುಗಟ್ಟಿದರೆ ಹಾಳು. ಬ್ರಹ್ಮಾವರದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಮನೆಯಾದರೆ ಮನೆಯಲ್ಲಿ ಇಡುವುದಕ್ಕಿಂತ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಹೆಸರು ಬರೆದು ಇಡಲು ಒಪ್ಪುತ್ತಾರಾ ಕೇಳಿ.

ಪಡುಬಿದ್ರಿ ಅಕ್ಕ

ಇದರ ನಡುವೆ ಕೇಳುತ್ತಿದ್ದೇನೆ, ಬೇಜಾರು ಮಾಡಬೇಡಿ. ನನಗೆ ಗೊತ್ತಿರುವ ಒಬ್ಬಳಿಗೆ ಎಚ್‌ಐವಿ ಪಾಸಿಟಿವ್ ಬಂದಿದೆ, ಅವಳೂ ಬಸುರಿ. ಅವಳಿಗೂ ಇದೇ ಇಂಜೆಕ್ಷನ್ನಾ?

ಹೆರಿಗೆ ವಾರ್ಡಿನವಳು

ಅಲ್ಲ ಅಕ್ಕ, ಅದರ ದಾರಿಯೇ ಬೇರೆ. ಎಚ್‌ಐವಿಗೆ ಲಸಿಕೆ ಇಲ್ಲ, ಅಲ್ಲಿ ಎಲ್ಲವೂ ನಿಂತಿರುವುದು ತಾಯಿಯ ಮಾತ್ರೆಯ ಮೇಲೆ. ಗೊತ್ತಾದ ದಿನದಿಂದಲೇ ಎಆರ್‌ಟಿ, ಅಂದರೆ ಎಚ್‌ಐವಿ ವೈರಸನ್ನು ಅದುಮಿಡುವ ಮಾತ್ರೆ ಶುರು, ಜೀವನಪೂರ್ತಿ ಬಿಡದೆ. ಏನೂ ಮಾಡದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ದಾಟುವುದನ್ನು 5ಕ್ಕಿಂತ ಕೆಳಗೆ ಇಳಿಸಲಿಕ್ಕೆ ಆಗುತ್ತದೆ. ಮಗುವಿಗೆ ಹುಟ್ಟಿದ ಮೇಲೆ ಕೆಲವು ವಾರ ಸಿರಪ್ ಕೊಡುತ್ತಾರೆ. ಆರು ವಾರಕ್ಕೆ ಮೊದಲ ಪರೀಕ್ಷೆ, ಕೊನೆಯದ್ದು 18 ತಿಂಗಳಿಗೆ. ಎದೆಹಾಲಿನ ವಿಷಯವನ್ನು ಅವಳು ಎಆರ್‌ಟಿ ಕೇಂದ್ರದಲ್ಲೇ ಕೇಳಿ ನಿರ್ಧಾರ ಮಾಡಬೇಕು, ಇಲ್ಲಿ ಓದಿ ಅಲ್ಲ. ಸ್ವಲ್ಪ ಎದೆಹಾಲು, ಸ್ವಲ್ಪ ಡಬ್ಬಿ ಹಾಲು ಅಂತ ತನ್ನಷ್ಟಕ್ಕೆ ಬೆರೆಸುವುದು ಬೇಡ. 1097 ನಂಬರಿಗೆ ಫೋನ್ ಮಾಡಿದರೆ ಹೆಸರು ಹೇಳದೆ ಮಾತಾಡಬಹುದು. 2017ರ ಕಾನೂನಿನ ಪ್ರಕಾರ ಅವಳ ಎಚ್‌ಐವಿ ರಿಪೋರ್ಟನ್ನು ಅವಳ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವ ಹಾಗಿಲ್ಲ, ಅದಕ್ಕಾಗಿ ಚಿಕಿತ್ಸೆ ನಿರಾಕರಿಸುವ ಹಾಗೂ ಇಲ್ಲ. ಅವಳನ್ನು ಒಂಟಿ ಬಿಡಬೇಡಿ.

ಸುರತ್ಕಲ್ ಸೊಸೆ

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ನಿನ್ನೆ ವೆನ್ಲಾಕ್‌ಗೆ ಹೋಗಿ ವಿಚಾರಿಸಿ ರಕ್ತ ಕೊಟ್ಟು ಬಂದೆ, ವೈರಲ್ ಲೋಡ್ ರಿಪೋರ್ಟ್ ಬರಲಿಕ್ಕೆ ಉಂಟು. ಅಮ್ಮನಿಗೆ ಹೇಳಿದೆ. ಅವರು ತಾವೂ ಪರೀಕ್ಷೆ ಮಾಡಿಸುತ್ತೇನೆ ಅಂದರು, ತಮ್ಮನನ್ನೂ ಕರೆದುಕೊಂಡು ಹೋಗುತ್ತಾರಂತೆ. ಅತ್ತೆಗೆ ಮುಂದಿನ ತಪಾಸಣೆಯ ದಿನ ಡಾಕ್ಟರ ಎದುರೇ ಹೇಳುವುದು ಅಂತ ಗಂಡನೂ ನಾನೂ ಮಾತಾಡಿಕೊಂಡೆವು.

ಎರಡು ಪ್ರಶ್ನೆ ಉಳಿದಿದೆ. ಮಗುವಿಗೆ ಬಂದಿಲ್ಲ ಅಂತ ಯಾವಾಗ ಗೊತ್ತಾಗುವುದು? ಮತ್ತೆ ಮೊಲೆತೊಟ್ಟು ಒಡೆದು ರಕ್ತ ಬಂದರೆ ಹಾಲು ಕೊಡಬಹುದಾ? ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಕೊಡಬಹುದಾ?

ಲಿವರ್ ವಿಭಾಗ

ಒಳ್ಳೆಯ ಕೆಲಸ ಮಾಡಿದಿರಿ.

ಮಗುವಿನ ಪರೀಕ್ಷೆ ಹುಟ್ಟಿದ ಕೂಡಲೇ ಬೇಡ. ಹೊಕ್ಕುಳ ಬಳ್ಳಿಯ ರಕ್ತ ನೋಡಿ ಪಾಸಿಟಿವ್ ಅಂತ ಹೆದರಿಕೊಂಡು ಬರುವವರಿದ್ದಾರೆ, ಅದು ತಾಯಿಯ ರಕ್ತ ಬೆರೆತದ್ದೂ ಇರಬಹುದು. ಹುಟ್ಟಿದ ದಿನದ ಡೋಸ್ ಆದ ಮೇಲೆ 6, 10, 14 ವಾರಕ್ಕೆ ಪೆಂಟಾವೇಲೆಂಟ್ ಲಸಿಕೆ ಬರುತ್ತದೆ, ಅದರೊಳಗೆ ಹೆಪಟೈಟಿಸ್ ಬಿ ಸೇರಿದೆ. ಒಂದನ್ನೂ ತಪ್ಪಿಸಬಾರದು. ತವರಿನಿಂದ ಗಂಡನ ಮನೆಗೆ ಬರುವ ಗಡಿಬಿಡಿಯಲ್ಲಿ 14ನೇ ವಾರದ್ದು ತಪ್ಪುವುದು ಜಾಸ್ತಿ. ಬ್ರಹ್ಮಾವರದ ಆಶಾ ಕಾರ್ಯಕರ್ತೆಗೂ ಸುರತ್ಕಲ್‌ನವರಿಗೂ ತಾಯಿ ಕಾರ್ಡ್ ತೋರಿಸಿ ಇಡಿ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಗೆ ಹೋಗುತ್ತೀರಲ್ಲ, ಅಲ್ಲಿಂದ ವರ್ಷ ತುಂಬುವುದರೊಳಗೆ ಎರಡು ಪರೀಕ್ಷೆ ಮಾಡಿಸಿ. ಒಂದು ಎಚ್‌ಬಿಎಸ್‌ಎಜಿ, ಅದು ನೆಗೆಟಿವ್ ಇರಬೇಕು. ಇನ್ನೊಂದು ಆ್ಯಂಟಿ-ಎಚ್‌ಬಿಎಸ್, ಅಂದರೆ ಮೈಯಲ್ಲಿರುವ ರಕ್ಷಣೆಯ ಪ್ರತಿಕಾಯ, ಅದು 10ಕ್ಕಿಂತ ಮೇಲಿರಬೇಕು, ಅಂದರೆ ಲಸಿಕೆ ಹಿಡಿದಿದೆ ಅಂತ. ಹಿಡಿಯದಿದ್ದರೆ ಮತ್ತೆ ಲಸಿಕೆ ಕೊಡುತ್ತೇವೆ, ಗಾಬರಿ ಬೇಡ. ಒಂಬತ್ತು ತಿಂಗಳ ಮೊದಲು ಆ್ಯಂಟಿ-ಎಚ್‌ಬಿಎಸ್ ನೋಡಿದರೆ ಎಚ್‌ಬಿಐಜಿಯಿಂದ ಬಂದದ್ದೇ ತೋರಿಸಿ ದಾರಿ ತಪ್ಪಿಸಬಹುದು.

ಟೆನೊಫೊವಿರ್ ತೆಗೆದುಕೊಳ್ಳುತ್ತಾ ಹಾಲು ಕೊಡಬಹುದು. ಹಾಲಿಗೆ ಹೋಗುವುದು ತೀರ ಕಡಿಮೆ. ಮಾತ್ರೆಯನ್ನು ಹೆರಿಗೆ ಆಯಿತು ಅಂತ ನೀವಾಗಿ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸುವುದು, ನಿಲ್ಲಿಸಬೇಕೋ ಬೇಡವೋ ನಾವು ಹೇಳುತ್ತೇವೆ, ನಿಲ್ಲಿಸಿದ ಮೇಲೂ ಕೆಲವು ತಿಂಗಳು ಎಸ್‌ಜಿಪಿಟಿ ನೋಡಬೇಕು, ಯಾಕೆಂದರೆ ಆಗ ಕೆಲವರಲ್ಲಿ ಲಿವರ್ ಮತ್ತೆ ಕೆರಳುತ್ತದೆ. ಮಗು ನೆಗೆಟಿವ್ ಬಂದ ಖುಷಿಯಲ್ಲಿ ತಾಯಂದಿರು ತಮ್ಮ ಫೈಲನ್ನೇ ಮರೆತುಬಿಡುತ್ತಾರೆ. ಆರು ತಿಂಗಳಿಗೊಮ್ಮೆ ನಿಮಗೆ ನಿಮ್ಮದೇ ತಪಾಸಣೆ ಇದೆ.

ಹೆರಿಗೆ ವಾರ್ಡಿನವಳು

ತೊಟ್ಟು ಒಡೆದದ್ದಕ್ಕೆ: ಮಗುವಿಗೆ ಎರಡೂ ಇಂಜೆಕ್ಷನ್ ಆಗಿದ್ದರೆ ಹಾಲು ನಿಲ್ಲಿಸುವ ಅಗತ್ಯ ಇಲ್ಲ. ರಕ್ತ ಜಾಸ್ತಿ ಬರುತ್ತಿದ್ದರೆ ಒಂದೆರಡು ದಿನ ಆ ಕಡೆಯ ಹಾಲನ್ನು ಹಿಂಡಿ ಚೆಲ್ಲು, ಇನ್ನೊಂದು ಕಡೆಯಿಂದ ಕೊಡು. ತೊಟ್ಟು ಒಡೆಯುವುದು ಹೆಚ್ಚಾಗಿ ಮಗು ಬರೀ ತುದಿ ಹಿಡಿಯುವುದರಿಂದ. ಮೊದಲ ದಿನವೇ ವಾರ್ಡಿನಲ್ಲಿ ನರ್ಸನ್ನು ಕರೆದು ಸರಿಯಾಗಿ ಹಿಡಿಸಲು ಕಲಿತುಕೋ, ನಾಚಿಕೆ ಮಾಡಬೇಡ. ವೈರಲ್ ಲೋಡ್ ರಿಪೋರ್ಟ್ ಬಂದ ದಿನ ಇಲ್ಲಿ ಹಾಕು, ನಂಬರ್ ಅರ್ಥ ಆಗದಿದ್ದರೂ ಹಾಕು.